ಮಗನನ್ನು ಮೂಲೆಗೆ ಕೂರಿಸುವುದು ಸರೀನಾ? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು

ಪ್ರಶ್ನೆ: ನಮ್ಮ ಮನೆ ವಿಜಯನಗರದಲ್ಲಿ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಈಗಷ್ಟೇ ಒಂದು ವರ್ಷ ತುಂಬಿದೆ. ಅವಳು ಅಂಬೆಗಾಲಿಡಲು ಶುರು ಮಾಡಿದಾಗಿನಿಂದ ಮಗ ಅವಳನ್ನು ಹೊಡೆಯುತ್ತಾನೆ, ತಳ್ಳುತ್ತಾನೆ. ಅವನ ಪ್ರೀ-ಸ್ಕೂಲ್‌ನಲ್ಲಿ ಟೈಮ್-ಔಟ್ ಕೊಡುತ್ತಾರಂತೆ, ಅಂದರೆ ತಪ್ಪು ಮಾಡಿದಾಗ ಸ್ವಲ್ಪ ಹೊತ್ತು ಒಂದು ಕಡೆ ಸುಮ್ಮನೆ ಕೂರಿಸುವುದು. ಮನೆಯಲ್ಲೂ ಕೊಡಿ ಅಂದರು. ಕುರ್ಚಿಯಲ್ಲಿ ಕೂರಿಸಿದರೆ ನಗುತ್ತಾನೆ, ಎದ್ದು ಓಡುತ್ತಾನೆ. ಒಂದು ದಿನ ಸಿಟ್ಟು ತಡೆಯಲಾಗದೆ ರೂಮಿಗೆ ಹಾಕಿ ಹೊರಗಿನಿಂದ ಚಿಲಕ ಹಾಕಿಬಿಟ್ಟೆ. ಅವನು ಅತ್ತಿದ್ದು ನೋಡಿ ಅತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಮಗೂನ ಒಬ್ಬಂಟಿ ಮಾಡಿ ಕೂರಿಸೋದು ಯಾವ ಸೀಮೆ ಬುದ್ಧಿ ಕಲಿಸೋದು" ಅಂತಾರೆ. ನಮ್ಮ ಯಜಮಾನರು "ಒಂದೇಟು ಬಿಟ್ರೆ ಸರಿಹೋಗ್ತಾನೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತಾರೆ. ಪಕ್ಕದ ಫ್ಲ್ಯಾಟಿನ ಗೆಳತಿ, ಟೈಮ್-ಔಟ್ ಕೊಟ್ಟರೆ ಮಗುವಿನ ಮೆದುಳಿಗೇ ಏಟು ಅಂತ ಒಂದು ವಿಡಿಯೊ ಕಳಿಸಿದ್ದಾಳೆ. ಯಾರ ಮಾತು ಕೇಳಲಿ? ಮದುವೆ, ಮಾಲ್ ಅಂತ ಹೊರಗೆ ಹೋದಾಗ ಏನು ಮಾಡಲಿ?

ಉತ್ತರ: ಮೊದಲು ಆ ವಿಡಿಯೊ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ಕಾಣುತ್ತದೆ. ಸರಿಯಾಗಿ ಕೊಟ್ಟ ಟೈಮ್-ಔಟ್‌ನಿಂದ ಮಗುವಿನ ಮೆದುಳಿಗೆ ಹಾನಿ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಈ ಭಯ ಜೋರಾಗಿ ಹಬ್ಬಿದ್ದು 2014ರಲ್ಲಿ. ಮನೋವೈದ್ಯ ಡೇನಿಯಲ್ ಸೀಗಲ್ ಮತ್ತು ಅವರ ಜೊತೆಗಾರ್ತಿ ಟೀನಾ ಪೇನ್ ಬ್ರೈಸನ್ ಅಮೆರಿಕದ 'ಟೈಮ್' ಪತ್ರಿಕೆಗೆ ಒಂದು ಲೇಖನ ಬರೆದರು. ಟೈಮ್-ಔಟ್ ನಿಮ್ಮ ಮಗುವಿಗೆ ನೋವು ಮಾಡುತ್ತಿದೆ ಅನ್ನುವ ಅರ್ಥದ ತಲೆಬರಹ. ಗಲಾಟೆ ಎದ್ದ ಮೇಲೆ ಅವರೇ, ನಾವು ಹೇಳಿದ್ದು ಸಿಟ್ಟಿನಲ್ಲಿ, ತಪ್ಪು ತಪ್ಪಾಗಿ ಕೊಡುವ ಟೈಮ್-ಔಟ್ ಬಗ್ಗೆ ಅಂತ ಬಿಡಿಸಿ ಹೇಳಿದರು. ತಲೆಬರಹ ಊರೆಲ್ಲ ಸುತ್ತಿತು, ಬಿಡಿಸಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ನಿಮ್ಮ ಗೆಳತಿ ಕಳಿಸಿದ ವಿಡಿಯೊದ ಬೇರು ಅಲ್ಲೇ ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಆಮೇಲೆ 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು 1,400 ಕುಟುಂಬಗಳ ಮಾಹಿತಿ ಇಟ್ಟುಕೊಂಡು ನೋಡಿತು. ಮಕ್ಕಳು ಮೂರು ವರ್ಷದವರಿದ್ದಾಗಿನಿಂದ ಐದನೇ ಕ್ಲಾಸಿಗೆ ಬರುವವರೆಗಿನ ಲೆಕ್ಕ. ಟೈಮ್-ಔಟ್ ಕೊಡುತ್ತಿದ್ದೆವು ಅಂದ ಮನೆಯ ಮಕ್ಕಳಲ್ಲಿ ಆತಂಕ, ಖಿನ್ನತೆ, ಆಕ್ರಮಣ ಸ್ವಭಾವ ಇವೆಲ್ಲ ಜಾಸ್ತಿ ಇತ್ತೇ? ಇರಲಿಲ್ಲ. ಕೊಡದ ಮನೆಯ ಮಕ್ಕಳಿಗೂ ಇವರಿಗೂ ಅಂಥ ವ್ಯತ್ಯಾಸ ಸಿಗಲಿಲ್ಲ. ಒಂದು ಅಧ್ಯಯನ ಎಲ್ಲವನ್ನೂ ಹೇಳಿಬಿಡುವುದಿಲ್ಲ, ಅದೂ ನಮ್ಮ ದೇಶದ್ದಲ್ಲ. ಆದರೂ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ನೋಡಿ ಗಾಬರಿ ಆಗುವ ಮೂವತ್ತು ಸೆಕೆಂಡಿನ ರೀಲ್‌ಗಿಂತ ಅದು ವಾಸಿ.

ಇಷ್ಟು ಹೇಳಿದೆ ಅಂತ ಆ ದಿನ ಚಿಲಕ ಹಾಕಿದ್ದು ಸರಿ ಅಂತಲ್ಲ. ಅದು ಟೈಮ್-ಔಟೇ ಅಲ್ಲ, ಕೂಡಿ ಹಾಕುವುದು. ನಮ್ಮಲ್ಲಿ ಅದಕ್ಕೆ ಹಳೇ ಇತಿಹಾಸ ಇದೆ. ಬಚ್ಚಲುಮನೆಯಲ್ಲಿ ಕೂಡಿ ಹಾಕೋದು, ಲೈಟ್ ಆರಿಸಿ ಗುಮ್ಮ ಬರ್ತಾನೆ ಅನ್ನೋದು, ಬಾಗಿಲಾಚೆ ನಿಲ್ಲಿಸಿ ಕದ ಹಾಕೋದು. ನಾಲ್ಕು ವರ್ಷದ ಮಗುವಿಗೆ ಆ ಹೊತ್ತಿನಲ್ಲಿ ತಂಗಿಗೆ ಹೊಡೆದದ್ದು ನೆನಪಿರುವುದಿಲ್ಲ, ಅಮ್ಮ ಮತ್ತೆ ಬಾಗಿಲು ತೆಗೆಯುತ್ತಾಳೋ ಇಲ್ಲವೋ ಅನ್ನುವುದೊಂದೇ ತಲೆಯಲ್ಲಿ. ನಿಮ್ಮತ್ತೆಗೆ ಕೋಪ ಬಂದದ್ದು ಅದಕ್ಕೆ. ಆ ವಿಷಯದಲ್ಲಿ ನಾನು ಅವರ ಕಡೆ. ಇನ್ನು ಮೇಲೆ ಚಿಲಕ ಬೇಡ, ಬಚ್ಚಲು ಬೇಡ, ಕತ್ತಲೆ ಬೇಡ. ಬಾಲ್ಕನಿಯಂತೂ ಬೇಡವೇ ಬೇಡ. ಮಗು ಕುರ್ಚಿ ಹತ್ತಿ ಗ್ರಿಲ್ ಮೇಲೆ ಏರಲು ಎಷ್ಟು ಹೊತ್ತು ಹೇಳಿ?

ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರಲ್ಲಿ ಟೈಮ್-ಔಟ್ ಕೊಡುತ್ತೇವೆ ಅನ್ನುವವರನ್ನು "ಹೇಗೆ ಕೊಡ್ತೀರಿ, ಸ್ವಲ್ಪ ಹೇಳಿ" ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬರು ಅರ್ಧ ಗಂಟೆ ರೂಮಿಗೆ ಕಳಿಸುತ್ತಾರೆ. ಇನ್ನೊಬ್ಬರು ಕುರ್ಚಿಯಲ್ಲಿ ಕೂರಿಸಿ ಎದುರು ನಿಂತು ಪೂರ್ತಿ ಹೊತ್ತು ಉಪದೇಶ ಮಾಡುತ್ತಾರೆ. ಮತ್ತೊಬ್ಬರು ಹತ್ತು ಸಲ "ಕೂರಿಸ್ತೀನಿ ನೋಡು" ಅಂತ ಹೆದರಿಸಿ ಹನ್ನೊಂದನೇ ಸಲ ಸುಮ್ಮನಾಗುತ್ತಾರೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಸುಮಾರು 400 ಪೋಷಕರನ್ನು ಕೇಳಿದರು. ನೂರಕ್ಕೆ 77ರಷ್ಟು ಜನ ಟೈಮ್-ಔಟ್ ಕೊಡುತ್ತೇವೆ ಅಂದರು. ಆದರೆ ನೂರಕ್ಕೆ 85ರಷ್ಟು ಜನರ ವಿಧಾನ ಒಂದಲ್ಲ ಒಂದು ಕಡೆ ಸಂಶೋಧನೆ ಹೇಳುವುದಕ್ಕೆ ಉಲ್ಟಾ ಇತ್ತು. ಹಾಗಾಗಿ "ಅದೆಲ್ಲ ನಮ್ಮ ಮಗೂಗೆ ವರ್ಕ್ ಆಗಲ್ಲ" ಅಂತ ಯಾರಾದರೂ ಅಂದರೆ, ಯಾವುದು ವರ್ಕ್ ಆಗಲಿಲ್ಲ ಅಂತ ಕೇಳಬೇಕು.

ಅಸಲಿಗೆ ಇದರ ಲೆಕ್ಕಾಚಾರ ಸರಳ. ಮಗು ಇಷ್ಟಪಡುವ ಸಂಗತಿಗಳು, ಅಂದರೆ ಆಟ, ಸದ್ದು, ಎಲ್ಲಕ್ಕಿಂತ ಜಾಸ್ತಿ ನಿಮ್ಮ ಗಮನ, ಇವು ಸ್ವಲ್ಪ ಹೊತ್ತು ನಿಂತುಹೋಗಬೇಕು. ಅಷ್ಟೇ. ಮಗು ಅಳಬೇಕು, ನರಳಬೇಕು, ಕೂತು ಪಶ್ಚಾತ್ತಾಪ ಪಡಬೇಕು ಅಂತ ಯಾರೂ ಹೇಳಿಲ್ಲ. 1960ರ ಆಸುಪಾಸಿನಲ್ಲಿ ಮನೋವಿಜ್ಞಾನಿ ಆರ್ಥರ್ ಸ್ಟಾಟ್ಸ್ ಇದನ್ನು ತಮ್ಮ ಸ್ವಂತ ಮಗಳ ಜೊತೆ ಮಾಡಿ ನೋಡಿದವರು. 1964ರಲ್ಲಿ ಮಾಂಟ್ರೋಸ್ ವುಲ್ಫ್ ಮತ್ತು ಅವರ ಜೊತೆಗಾರರು ಬರೆದ ಒಂದು ವರದಿ ನನಗೆ ಇವತ್ತಿಗೂ ಇಷ್ಟ. ಮೂರೂವರೆ ವರ್ಷದ ಹುಡುಗ, ಆಟಿಸಂ ಇತ್ತು. ಕಣ್ಣಿನ ಪೊರೆ ತೆಗೆದಿದ್ದರು, ಕನ್ನಡಕ ಹಾಕದಿದ್ದರೆ ದೃಷ್ಟಿಗೇ ಕುತ್ತು. ಅವನೋ ಕನ್ನಡಕ ಕಿತ್ತು ಬಿಸಾಡುತ್ತಿದ್ದ. ಬಿಸಾಡಿದಾಗ ಸ್ವಲ್ಪ ಹೊತ್ತು ಅವನ ರೂಮಿಗೆ ಕಳಿಸಿದರು. ಬಿಸಾಡುವುದು ನಿಂತಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಭಾಗ ಏನೆಂದರೆ, ಕನ್ನಡಕ ಮುಟ್ಟಿದರೆ, ಕೈಯಲ್ಲಿ ಹಿಡಿದರೆ, ಮುಖದ ಹತ್ತಿರ ತಂದರೆ ಹೀಗೆ ಒಂದೊಂದು ಹೆಜ್ಜೆಗೂ ಅವನಿಗೆ ಇಷ್ಟದ ತಿಂಡಿ ಚೂರು ಚೂರು ಕೊಟ್ಟು ಹಾಕಿಕೊಳ್ಳುವುದನ್ನು ಕಲಿಸಿದ್ದೂ ಅವರೇ. ನಿಲ್ಲಿಸಿದ್ದು ಒಂದು ಪಾಲು, ಕಲಿಸಿದ್ದು ಇನ್ನೊಂದು ಪಾಲು. ನಮ್ಮ ಮನೆಗಳಲ್ಲಿ ಮೊದಲ ಪಾಲು ಬಂತು, ಎರಡನೆಯದು ಬರಲಿಲ್ಲ.

ನಿಮ್ಮ ಮನೆಗೆ ಬರೋಣ. ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಸಾಲು: ಮಗಳು ಅಂಬೆಗಾಲಿಡಲು ಶುರು ಮಾಡಿದಾಗಿನಿಂದ ಹೊಡೆಯುತ್ತಾನೆ. ಅಲ್ಲಿಯವರೆಗೆ ಅವಳು ತೊಟ್ಟಿಲಲ್ಲಿದ್ದಳು, ಇವನ ತಂಟೆಗೆ ಬರುತ್ತಿರಲಿಲ್ಲ. ಈಗ ಇವನು ಹಾಲ್‌ನಲ್ಲಿ ಬ್ಲಾಕ್ಸ್ ಜೋಡಿಸುತ್ತಾನೆ, ಅವಳು ಬಂದು ಒಂದೇ ಕೈಯಲ್ಲಿ ಎಲ್ಲ ಉರುಳಿಸುತ್ತಾಳೆ. ಇವನು ಕೂಗಿದರೆ "ಚಿಕ್ಕ ಪಾಪು, ಬಿಡೋ" ಅನ್ನುತ್ತಾರೆ. ಇವನು ತಳ್ಳುತ್ತಾನೆ, ಆಗ ಮನೆಮಂದಿಯೆಲ್ಲ ಎದ್ದು ಬರುತ್ತಾರೆ. ಅವನ ಜಾಗದಲ್ಲಿ ನಿಂತು ನೋಡಿ. ಸುಮ್ಮನೆ ಆಡುತ್ತಿದ್ದಾಗ ಯಾರೂ ತಿರುಗಿ ನೋಡಲಿಲ್ಲ, ತಳ್ಳಿದ ತಕ್ಷಣ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು, ಅಜ್ಜಿ ಟಿವಿ ಬಿಟ್ಟು ಎದ್ದರು. ಬೈಗುಳವೂ ಗಮನವೇ.

ಆದ್ದರಿಂದ ಕುರ್ಚಿಗಿಂತ ಮುಂಚೆ ಎರಡು ಕೆಲಸ. ಅವನ ಬ್ಲಾಕ್ಸ್‌ಗೆ ತಂಗಿಯ ಕೈಗೆಟುಕದ ಜಾಗ ಮಾಡಿಕೊಡಿ. ಎರಡು ರೂಮಿನ ಮನೆಯಲ್ಲಿ ಜಾಗ ಎಲ್ಲಿಂದ ತರೋಣ ಅನ್ನಬೇಡಿ, ಊಟದ ಮೇಜಿನ ಅರ್ಧ ಸಾಕು. ಅದು ಅಣ್ಣನ ಜಾಗ, ಪಾಪು ಅಲ್ಲಿಗೆ ಬರುವ ಹಾಗಿಲ್ಲ ಅಂತ ಅವನ ಮುಂದೆಯೇ ಎಲ್ಲರಿಗೂ ಹೇಳಿ. ಎಷ್ಟೋ ಮನೆಯಲ್ಲಿ ಹೊಡೆದಾಟದ ಅರ್ಧ ಭಾಗ ಇಷ್ಟಕ್ಕೇ ಇಳಿದದ್ದನ್ನು ನೋಡಿದ್ದೇನೆ.

ಎರಡನೆಯದು, ದಿನಕ್ಕೆ ಹತ್ತು ನಿಮಿಷ ಅವನೊಬ್ಬನಿಗೆ. ತಂಗಿ ಅಜ್ಜಿ ಹತ್ತಿರ, ಫೋನು ಬೇರೆ ರೂಮಿನಲ್ಲಿ. ಅವನು ಆಡಿದ ಆಟ ನೀವು ಆಡಬೇಕು. "ಇದ್ಯಾವ ಬಣ್ಣ ಹೇಳು, ಎಷ್ಟಿದೆ ಎಣಿಸು" ಅಂತ ಪರೀಕ್ಷೆ ಮಾಡಬೇಡಿ. ಬೆಂಗಳೂರಿನ ಮನೆಗಳಲ್ಲಿ ಈ ಹತ್ತು ನಿಮಿಷ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಪ್ಪ ಟ್ರಾಫಿಕ್ ದಾಟಿ ಮನೆಗೆ ಬರುವಷ್ಟರಲ್ಲಿ ಮಗುವಿಗೆ ನಿದ್ದೆ ಕಣ್ಣಿಗೆ ಹತ್ತಿರುತ್ತದೆ. ಬೆಳಿಗ್ಗೆ ಶೂ ಹಾಕಿಸುವ ಮೊದಲು ಮಾಡಿ, ಸ್ಕೂಲ್ ವ್ಯಾನ್ ಬರುವ ಮೊದಲು ಮಾಡಿ. ಜೊತೆಗೆ ದಿನವಿಡೀ ಅವನು ಸರಿಯಾಗಿದ್ದಾಗ ಹಿಡಿಯಿರಿ. ತಂಗಿ ಪಕ್ಕ ಎರಡು ನಿಮಿಷ ಸುಮ್ಮನೆ ಕೂತಿದ್ದಾನಾ? ಹೋಗಿ ತಲೆ ಸವರಿ, "ಪಾಪು ಪಕ್ಕ ಎಷ್ಟು ಮೆತ್ತಗೆ ಆಡ್ತಿದ್ದೀಯ" ಅನ್ನಿ. "ಗುಡ್ ಬಾಯ್" ಅಂದರೆ ಯಾವುದಕ್ಕೆ ಅಂತ ಅವನಿಗೆ ತಿಳಿಯುವುದಿಲ್ಲ, ಮಾಡಿದ್ದನ್ನೇ ಹೆಸರಿಟ್ಟು ಹೇಳಬೇಕು. ಇಂಥ ಗಮನ ತುಂಬ ಇರುವ ಮನೆಯಲ್ಲಿ ಮಾತ್ರ ಮೂರು ನಿಮಿಷ ಅದು ನಿಂತರೆ ಮಗುವಿಗೆ ಗೊತ್ತಾಗುತ್ತದೆ. ಮೊದಲೇ ಏನೂ ಇಲ್ಲದ ಕಡೆ ಏನನ್ನು ನಿಲ್ಲಿಸುತ್ತೀರಿ? ಒಂದೆರಡು ವಾರ ಇದನ್ನೇ ಮಾಡಿ, ಕುರ್ಚಿ ಹಾಗೇ ಇರಲಿ.

ಆಮೇಲೂ ಹೊಡೆದರೆ ಟೈಮ್-ಔಟ್. ಆದರೆ ಹೊಡೆಯುವುದಕ್ಕೆ ಮತ್ತು ತಳ್ಳುವುದಕ್ಕೆ ಮಾತ್ರ. ಊಟ ಬೇಡ ಅಂದದ್ದಕ್ಕೆ, ಹಾಲು ಚೆಲ್ಲಿದ್ದಕ್ಕೆ, ಅತ್ತದ್ದಕ್ಕೆ, ಆಂಟಿಗೆ ನಮಸ್ತೆ ಹೇಳಲಿಲ್ಲ ಅನ್ನುವುದಕ್ಕೆಲ್ಲ ಬೇಡ. ಅದರಲ್ಲೂ ಊಟದ್ದು ತಮಾಷೆ. ಅವನಿಗೆ ಪಲ್ಯ ಬೇಡ. ಬೇಡ ಅಂದದ್ದಕ್ಕೆ ತಟ್ಟೆ ಬಿಡಿಸಿ ಮೂಲೆಗೆ ಕಳಿಸುತ್ತೀರಿ. ಅವನಿಗೆ ಬೇಕಾಗಿದ್ದೂ ಅದೇ ಅಲ್ವಾ? ನಾಳೆಯಿಂದ ಪಲ್ಯ ಬಂದ ಕೂಡಲೇ ರಂಪ.

ಮಕ್ಕಳಿಬ್ಬರೂ ಸಮಾಧಾನವಾಗಿರುವ ಒಂದು ಹೊತ್ತು ನೋಡಿ ಅವನಿಗೆ ಮೊದಲೇ ಹೇಳಿ: "ಹೊಡೆದ್ರೆ ಈ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರ್ಬೇಕು. ನಾನು ಬಾ ಅಂದಾಗ ಎದ್ದು ಬರಬಹುದು." ಒಂದು ಸಲ ಆಟದ ಹಾಗೆ ಮಾಡಿಸಿ, ಗೊಂಬೆಯನ್ನು ಕೂರಿಸಿ ತೋರಿಸಿ. ಕುರ್ಚಿ ಹಾಲ್‌ನಲ್ಲೇ, ನಿಮ್ಮ ಕಣ್ಣಳತೆಯಲ್ಲಿ ಇರಲಿ. ಟಿವಿ ಕಾಣಬಾರದು, ಆಟದ ಸಾಮಾನು ಕೈಗೆ ಸಿಗಬಾರದು. ಅಡುಗೆಮನೆ ಬೇಡ, ಗ್ಯಾಸ್ ಇದೆ, ಕುಕ್ಕರ್ ಇದೆ. ದೇವರ ಮನೆ ಮುಂದೆ ಕೂರಿಸಿ "ದೇವರು ನೋಡ್ತಿದ್ದಾನೆ" ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ.

ಸಂಜೆ ಏಳೂವರೆ ಅಂದುಕೊಳ್ಳಿ. ನೀವು ಚಪಾತಿ ಲಟ್ಟಿಸುತ್ತಿದ್ದೀರಿ, ಕುಕ್ಕರ್ ಎರಡನೇ ಸೀಟಿ ಹಾಕಿದೆ. ಹಾಲ್‌ನಲ್ಲಿ ಪಾಪು ಅವನ ಕಾರು ಎಳೆದಳು, ಅವನು ತಳ್ಳಿದ, ಅವಳು ಹಿಂದಕ್ಕೆ ಬಿದ್ದಳು. ಸ್ಟೌ ಆರಿಸಿ. ಹಿಟ್ಟಿನ ಕೈಯಲ್ಲೇ ಹೋಗಿ. ಮೊದಲು ಪಾಪುವನ್ನು ಎತ್ತಿ ಅತ್ತೆಯ ಕೈಗೆ ಕೊಡಿ. ಅವನ ಎತ್ತರಕ್ಕೆ ಬಗ್ಗಿ, ಕೂಗದೆ, ಒಂದೇ ಮಾತು: "ತಳ್ಳಿದೆ. ಕುರ್ಚಿ." ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ. ಅವನು "ಅವಳೇ ಫಸ್ಟು ಎಳೆದದ್ದು" ಅನ್ನುತ್ತಾನೆ. ಅದು ನಿಜವೇ ಇರಬಹುದು. ಈಗ ಉತ್ತರ ಕೊಡಬೇಡಿ, ವಾದಕ್ಕೆ ಇಳಿದರೆ ಗಮನ ಸಿಕ್ಕ ಹಾಗೆಯೇ. ನೀವು ಅಲ್ಲೇ ಇರಿ, ಬೇರೆ ಏನೋ ಮಾಡುತ್ತಿರುವ ಹಾಗೆ. ನಾಲ್ಕು ವರ್ಷದವನಿಗೆ ಮೂರು ನಿಮಿಷ ಧಾರಾಳ ಸಾಕು. ವರ್ಷಕ್ಕೊಂದು ನಿಮಿಷ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಜ್ಞಾಪಕ ಇಟ್ಟುಕೊಳ್ಳಲು ಸುಲಭ ಅಂತ ಹುಟ್ಟಿದ ಲೆಕ್ಕ, ಅದರ ಹಿಂದೆ ದೊಡ್ಡ ವಿಜ್ಞಾನ ಏನಿಲ್ಲ. ಹೊತ್ತು ಜಾಸ್ತಿ ಮಾಡಿದರೆ ಪರಿಣಾಮ ಜಾಸ್ತಿ ಆಗುವುದಿಲ್ಲ. ಕೊನೆಯ ಐದಾರು ಸೆಕೆಂಡು ಅವನು ಸುಮ್ಮನಿರುವಾಗ "ಸರಿ, ಬಾ" ಅನ್ನಿ. ಚೀರುತ್ತಿರುವಾಗಲೇ ಎಬ್ಬಿಸಿದರೆ ಚೀರಿದ್ದಕ್ಕೆ ಬಿಡುಗಡೆ ಸಿಕ್ಕಿತು ಅಂತ ಕಲಿಯುತ್ತಾನೆ.

ಎದ್ದು ಬಂದ ಮೇಲೆ ಭಾಷಣ ಬೇಡ. "ಇನ್ನೊಂದ್ಸಲ ಮಾಡ್ತೀಯಾ? ಮಾಡಲ್ಲ ಅನ್ನು, ಕಿವಿ ಹಿಡ್ಕೊ, ಸಾರಿ ಕೇಳು" ಅನ್ನುವುದು ನಮಗೆ ಬಾಯಿಗೆ ಬಂದುಬಿಡುತ್ತದೆ. ಒತ್ತಾಯದ ಸಾರಿ ಒಂದು ಮಂತ್ರ ಅಷ್ಟೇ, ಅವನು ಹೊಡೆದ ಮರುಕ್ಷಣ ಅದನ್ನೇ ಹೇಳಿ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾನೆ. ಅದರ ಬದಲು ಆ ಕಾರು ಬೇಕಾದಾಗ ಏನು ಮಾಡಬೇಕಿತ್ತು ಅಂತ ಮಾಡಿಸಿ. ಪಾಪು ಕೈಗೆ ಬೇರೆ ಆಟದ ಸಾಮಾನು ಕೊಟ್ಟು ತನ್ನದನ್ನು ತೆಗೆದುಕೊಳ್ಳುವುದು, ಇಲ್ಲವೇ "ಅಜ್ಜೀ, ಪಾಪು ನನ್ನ ಕಾರು ತಗೊಂಡ್ಲು" ಅಂತ ಕೂಗುವುದು. ಕೂಗಿದಾಗ ಯಾರಾದರೂ ನಿಜವಾಗಿ ಬರಬೇಕು, ಅದು ಮುಖ್ಯ. ಮಾಡಿದರೆ ಹೊಗಳಿ. ಮುಗಿಯಿತು. ರಾತ್ರಿ ಅಪ್ಪ ಬಂದಾಗ "ಇವತ್ತು ಏನು ಮಾಡ್ದ ಗೊತ್ತಾ" ಅಂತ ಮತ್ತೆ ಶುರು ಮಾಡಬೇಡಿ.

ನಗುತ್ತಾನೆ ಅಂದಿರಿ. ನಗಲಿ. ನಿಮ್ಮನ್ನು ಕೆಣಕಿ ಮಾತಾಡಿಸುವುದಕ್ಕೆ ಅದು ಅವನ ಉಪಾಯ. ಎಷ್ಟೋ ಸಲ ಪೆಚ್ಚಾದ ಮಗು ನಗುವುದೂ ಉಂಟು. ನಗು ಬಂತು ಅಂದರೆ ಶಿಕ್ಷೆ ತಾಕಿಲ್ಲ ಅಂತ ಹೊತ್ತು ಹೆಚ್ಚಿಸುವುದು ನೀವು ಮಾಡಬಾರದ ಕೆಲಸ. ಓಡುವುದು ನಿಜಕ್ಕೂ ತಲೆನೋವು. ಓಡಿದರೆ ಮಾತಿಲ್ಲದೆ ಕರೆತಂದು ಕೂರಿಸಿ, ಒಂದು ಸಲ, ಎರಡು ಸಲ. ಮೂರನೇ ಸಲ ಅದು ಹಿಡಿಯುವ ಆಟ ಆಗಿಬಿಡುತ್ತದೆ, ಇಲ್ಲವೇ ಕೈಕೈ ಹಿಡಿದು ಎಳೆದಾಡುವ ಜಗಳ. ಅಷ್ಟರಲ್ಲಿ ನಿಲ್ಲಿಸಿ. "ಕೂರಲಿಲ್ಲ, ಹಾಗಾಗಿ ಈ ಕಾರು ರಾತ್ರಿ ಊಟದವರೆಗೆ ಕಪಾಟಿನ ಮೇಲೆ" ಅಂತ ಹೇಳಿ ಎತ್ತಿಟ್ಟುಬಿಡಿ. ಒತ್ತಿ ಹಿಡಿದು ಕೂರಿಸಬೇಡಿ. ಶುರುವಿನ ಕೆಲವು ದಿನ ಅವನ ಗಲಾಟೆ ಇಳಿಯುವ ಬದಲು ಏರುತ್ತದೆ. ಮೊದಲು ಕೆಲಸ ಮಾಡುತ್ತಿದ್ದ ಉಪಾಯ ಈಗ ಯಾಕೆ ನಡೀತಿಲ್ಲ ಅಂತ ಇನ್ನೂ ಜೋರಾಗಿ ಮಾಡಿ ನೋಡುತ್ತಾನೆ. ಬಹಳಷ್ಟು ತಾಯಂದಿರು ಕೈಬಿಡುವುದು ಸರಿಯಾಗಿ ಆ ದಿನಗಳಲ್ಲೇ.

ಇನ್ನೊಂದು ವ್ಯತ್ಯಾಸ ನೀವು ಕಣ್ಣಲ್ಲೇ ಗುರುತಿಸಬೇಕು. ಬೇಕೆಂದು ತಳ್ಳಿದ್ದು ಬೇರೆ, ಸುಸ್ತಾಗಿ, ಹಸಿದು, ನಿದ್ದೆಗೆಟ್ಟು, ಸದ್ದಿಗೆ ತಲೆಕೆಟ್ಟು ರಚ್ಚೆ ಹಿಡಿದದ್ದು ಬೇರೆ. ಎರಡನೆಯದರಲ್ಲಿ ಮಗು ನೀವು ನೋಡುತ್ತಿದ್ದೀರೋ ಇಲ್ಲವೋ ಅಂತ ಗಮನಿಸುವುದೇ ಇಲ್ಲ, ಸುಮ್ಮನಾಗು ಅಂದರೂ ಅವನ ಕೈಲಾಗುವುದಿಲ್ಲ. ಆಗ ಕುರ್ಚಿ ಕ್ರೌರ್ಯ. ಎತ್ತಿಕೊಳ್ಳಿ, ನೀರು ಕೊಡಿ, ಲೈಟು ಸದ್ದು ಕಡಿಮೆ ಮಾಡಿ ಪಕ್ಕ ಕೂರಿ. ಹೆದರಿಕೆಯಿಂದ ಅತ್ತಾಗಲೂ ಅಷ್ಟೇ. ನಿಮ್ಮ ಮಗಳಿಗಂತೂ ಇನ್ನೂ ಒಂದು ವರ್ಷ ಇದ್ಯಾವುದೂ ಅನ್ವಯಿಸುವುದಿಲ್ಲ. ಎರಡು ವರ್ಷಕ್ಕಿಂತ ಚಿಕ್ಕವರಿಗೆ ಟೈಮ್-ಔಟ್ ಅರ್ಥವೇ ಆಗುವುದಿಲ್ಲ. ಅವಳು ಅಣ್ಣನ ಕೂದಲು ಎಳೆದರೆ ಕೈ ಬಿಡಿಸಿ ಬೇರೆ ಕಡೆ ಗಮನ ತಿರುಗಿಸಿದರೆ ಆಯಿತು. ಹಾಗೆ ಮಾಡುವಾಗ ದೊಡ್ಡವನಿಗೆ "ಅವಳಿಗೆ ಏನೂ ಇಲ್ವಾ?" ಅನ್ನಿಸುತ್ತದೆ. "ನಿನಗೆ ಗೊತ್ತಾಗುತ್ತೆ, ಅವಳಿಗಿನ್ನೂ ಗೊತ್ತಾಗಲ್ಲ" ಅಂತ ಹೇಳಿ. ಆ ಮಾತಿಗೆ ಅಣ್ಣಂದಿರು ಸ್ವಲ್ಪ ಉಬ್ಬುತ್ತಾರೆ.

ಅತ್ತೆಯ ವಿಷಯ. ಅವರ ಜೊತೆ ನೀವು ವಾದ ಮಾಡುತ್ತಿರುವುದು ಟೈಮ್-ಔಟ್ ಬೇಕೋ ಬೇಡವೋ ಅಂತ. ಅವರ ಕಣ್ಣ ಮುಂದಿರುವುದು ಚಿಲಕ ಹಾಕಿದ ಬಾಗಿಲು. ಮೊದಲು ಹೋಗಿ "ಅತ್ತೆ, ಇನ್ಮೇಲೆ ಬಾಗಿಲು ಹಾಕಲ್ಲ. ಇಲ್ಲೇ ಹಾಲ್‌ನಲ್ಲಿ, ನಿಮ್ಮ ಕಣ್ಮುಂದೆ, ಮೂರೇ ನಿಮಿಷ" ಅಂತ ಹೇಳಿ. ಮಗು ಕೂತಿದ್ದಾಗ ಏನು ಮಾಡಬಾರದು ಅನ್ನುವುದಕ್ಕಿಂತ ಅವರಿಗೆ ಒಂದು ಕೆಲಸ ಕೊಡಿ. ಪಾಪುವನ್ನು ಎತ್ತಿಕೊಂಡು ರೂಮಿಗೆ ಹೋಗುವ ಕೆಲಸ ಅವರದು. ಕುರ್ಚಿಯಿಂದ ಎದ್ದ ಮೇಲೆ ಮೊದಲು ತೊಡೆ ಮೇಲೆ ಕೂರಿಸಿಕೊಳ್ಳುವ ಹಕ್ಕೂ ಅವರದೇ ಇರಲಿ. ಅಜ್ಜಿಯ ಸೆರಗಿನ ಹಿಂದೆ ಅಡಗುವ ಮಗು ಕೆಡುತ್ತದೆ ಅಂತ ನಾನು ನಂಬುವುದಿಲ್ಲ. ಆ ಮೂರು ನಿಮಿಷ ಕಳೆಯಲಿ, ಅಷ್ಟೇ. ಸೊಸೆ ಇಲ್ಲದಾಗ ಅವರು ಇದನ್ನು ಮಾಡದಿದ್ದರೂ ಪರವಾಗಿಲ್ಲ. ಅಮ್ಮನ ಹತ್ತಿರ ಒಂದು ನಿಯಮ, ಅಜ್ಜಿ ಹತ್ತಿರ ಇನ್ನೊಂದು ಅಂತ ನಾಲ್ಕು ವರ್ಷದ ಮಕ್ಕಳು ಚೆನ್ನಾಗಿಯೇ ಲೆಕ್ಕ ಇಡುತ್ತಾರೆ. ಕೆಡುವುದು ಯಾವಾಗ ಅಂದರೆ ಅವನ ಎದುರಿಗೇ "ಪಾಪ ಬಿಡು, ನಿಮ್ಮಮ್ಮಂಗೆ ಬೇರೆ ಕೆಲಸ ಇಲ್ಲ" ಅಂದಾಗ. ಅದೊಂದು ಬೇಡ ಅಂತ ಕೇಳಿಕೊಳ್ಳಿ.

ಯಜಮಾನರಿಗೆ ನಾನು ಹೇಳುವುದು ಇಷ್ಟು. ಗಿಡ ನೆಟ್ಟಗೆ ಬೆಳೆಯಲಿ ಅಂತ ಪಕ್ಕಕ್ಕೆ ಕೋಲು ನೆಟ್ಟು ಕಟ್ಟುತ್ತಾರೆ, ಕೋಲಿನಿಂದ ಗಿಡಕ್ಕೆ ಬಾರಿಸುವುದಿಲ್ಲ. ಒಂದೇಟು ಬಿಟ್ಟರೆ ಆ ಕ್ಷಣ ಮಗು ನಿಲ್ಲುತ್ತದೆ, ಅದು ಸುಳ್ಳಲ್ಲ. ಆದ್ದರಿಂದಲೇ ಹೊಡೆಯುವವರಿಗೆ ಅದು ಕೆಲಸ ಮಾಡಿತು ಅನ್ನಿಸುವುದು. ಆದರೆ ನಿಮ್ಮ ಮನೆಯ ತೊಂದರೆ ಏನು? ದೊಡ್ಡವನು ಚಿಕ್ಕವಳಿಗೆ ಹೊಡೆಯುತ್ತಾನೆ. ಅದನ್ನು ಬಿಡಿಸಲು ಅವನಿಗಿಂತ ದೊಡ್ಡವರು ಅವನಿಗೆ ಹೊಡೆದರೆ, ಬಲ ಇದ್ದವರು ಹೊಡೆಯಬಹುದು ಅನ್ನುವುದು ಗಟ್ಟಿಯಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೊಡೆತ, ಬೈಗುಳ, ಅವಮಾನ ಮೂರೂ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಹೊಡೆತ ತಿಂದ ಮಕ್ಕಳಲ್ಲಿ ಆಕ್ರಮಣ ಸ್ವಭಾವ ಕಾಲ ಕಳೆದಂತೆ ಜಾಸ್ತಿಯಾಗುತ್ತದೆ, ಕಡಿಮೆ ಅಲ್ಲ. ಆದರೆ ಇಷ್ಟು ಓದಿಸಿದ ಮಾತ್ರಕ್ಕೆ ಅವರು ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. "ನಮ್ಮಪ್ಪ ಹೊಡೆದು ಬೆಳೆಸಿದ್ದು, ನಾನೇನು ಕೆಟ್ಟುಹೋದ್ನಾ" ಅಂತಾರೆ. ಅದಕ್ಕೆ ಉತ್ತರ ಹುಡುಕುತ್ತಾ ಕೂರಬೇಡಿ. "ಒಂದು ತಿಂಗಳು ನೋಡೋಣ, ಅಲ್ಲಿವರೆಗೆ ಕೈ ಎತ್ತಬೇಡಿ" ಅಂತ ಗಡುವು ಹಾಕಿಕೊಳ್ಳಿ, ಆ ಹತ್ತು ನಿಮಿಷದ ಆಟ ಭಾನುವಾರ ಅವರ ಪಾಲಿಗೆ ಬಿಡಿ. ಅಪ್ಪಂದಿರು ಬದಲಾಗುವುದು ಓದಿ ಅಲ್ಲ, ಹಾಗೆ ಕೂತು ಆಡಿ.

ಮದುವೆ ಮನೆ, ಮಾಲ್ ಬಗ್ಗೆ ಕೇಳಿದ್ದೀರಿ. ಛತ್ರದಲ್ಲಿ ನೂರು ಜನರ ಮುಂದೆ ಮೂಲೆಯಲ್ಲಿ ಕೂರಿಸಬೇಡಿ. ಅಲ್ಲಿ ನಡೆಯುವುದು ಟೈಮ್-ಔಟ್ ಅಲ್ಲ, ಮೆರವಣಿಗೆ. ಹತ್ತು ಜನ ನೆಂಟರು ಬಂದು "ಯಾಕೋ ಪುಟ್ಟ, ಅಮ್ಮ ಬೈದ್ರಾ" ಅಂತ ಗಲ್ಲ ಹಿಂಡಿ ಚಾಕಲೇಟು ಕೊಟ್ಟು ಹೋಗುತ್ತಾರೆ. ಹೋಗುವ ಮೊದಲೇ ಎರಡು ವಿಷಯ ಹೇಳಿಕೊಡಿ, ಊಟದ ಹೊತ್ತಿಗೆ ಮುಂಚೆ ಏನಾದರೂ ತಿನ್ನಿಸಿ, ಮುಹೂರ್ತ ತಡ ಇದ್ದರೆ ಹೊರಗೆ ಒಂದು ಸುತ್ತು ಹಾಕಿಸಿ. ಹೊಡೆದರೆ ಕೈ ಹಿಡಿದು ಚಪ್ಪಲಿ ಬಿಡುವ ಕಡೆ, ಪಾರ್ಕಿಂಗ್ ಕಡೆ ಕರೆದುಕೊಂಡು ಹೋಗಿ ಎರಡು ನಿಮಿಷ ಮಾತಿಲ್ಲದೆ ಪಕ್ಕ ನಿಲ್ಲಿ, ಮತ್ತೆ ಒಳಗೆ ಬನ್ನಿ. ಮಾಲ್‌ನಲ್ಲೂ ಅಷ್ಟೇ, ಜನ ಕಡಿಮೆ ಇರುವ ಬೆಂಚು ಸಾಕು. "ಮನೆಗೆ ಬಾ, ಮಾಡ್ತೀನಿ" ಅನ್ನಬೇಡಿ. ಮೆಟ್ರೊ ಹತ್ತಿ ಮನೆ ಸೇರುವಷ್ಟರಲ್ಲಿ ಅವನಿಗೆ ಎಲ್ಲ ಮರೆತಿರುತ್ತದೆ, ನಿಮಗೆ ಮಾತ್ರ ನೆನಪಿರುತ್ತದೆ.

ಪ್ರೀ-ಸ್ಕೂಲ್‌ನವರನ್ನು ಒಂದು ಸಲ ಹೋಗಿ ಕೇಳಿ. ಜಗಳಕ್ಕಲ್ಲ. ಎಲ್ಲಿ ಕೂರಿಸುತ್ತೀರಿ, ಎಷ್ಟು ಹೊತ್ತು, ಟೀಚರ್ ಕಣ್ಣಿಗೆ ಕಾಣುತ್ತಾನಾ, ಯಾವುದಕ್ಕೆ ಕೊಡುತ್ತೀರಿ? "ನಾಟಿ ಚೇರ್" ಅಂತ ಹೆಸರಿಟ್ಟು ಮಿಕ್ಕ ಮಕ್ಕಳೆಲ್ಲ ನೋಡುವಂತೆ ಕೂರಿಸುತ್ತಿದ್ದರೆ, ಬೇರೆ ಕ್ಲಾಸಿನಲ್ಲಿ ನಿಲ್ಲಿಸುತ್ತಿದ್ದರೆ ಅದು ಬೇಡ ಅಂತ ನೇರವಾಗಿ ಹೇಳಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದವರದ್ದು. ಹಾಗಂತ ನಾಲ್ಕು ವರ್ಷದ ಮಗುವನ್ನು ಅದಕ್ಕಿಂತ ಸಡಿಲವಾಗಿ ನೋಡಿಕೊಳ್ಳಬಹುದು ಅಂತ ಯಾವ ಶಾಲೆಯೂ ವಾದ ಮಾಡಲಾರದು.

ಇದೆಲ್ಲ ಎರಡು ತಿಂಗಳು ನಿಷ್ಠೆಯಿಂದ ಮಾಡಿಯೂ ಹೊಡೆತ ಇಳಿಯದಿದ್ದರೆ, ಪಾಪುವಿಗೆ ಗಾಯ ಆಗುವ ಮಟ್ಟಕ್ಕೆ ಹೋದರೆ, ಅವನು ತನ್ನ ತಲೆಯನ್ನೇ ಗೋಡೆಗೆ ಬಡಿದುಕೊಳ್ಳುತ್ತಿದ್ದರೆ, ಮಾತು ವಯಸ್ಸಿಗೆ ತಕ್ಕಷ್ಟು ಬಂದಿಲ್ಲ ಅನ್ನಿಸಿದರೆ ಕಾಯಬೇಡಿ. ಮೊದಲು ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ನಿಮಗೇ ಕೈ ಮೀರುತ್ತಿದೆ ಅನ್ನಿಸಿದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಒಂದು ವಾರದ್ದು ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ಹೊಡೆದ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಆಮೇಲೆ ಮನೆಯಲ್ಲಿ ಯಾರು ಏನು ಮಾಡಿದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿದ್ದರೂ ಸಾಕು.